ತಿದ್ದಬಾರದ ವಿಮಾನ

"ಎಷ್ಟೊತ್ತು ಬೇಕಾದ್ರೂ ನೋಡು ನಾಯ್ನಾ. ತಿದ್ದಕ್ಕೆ ಮಾತ್ರ ಓಗ್ಬ್ಯಾಡ," ಎಂದಳು ಓಬಳಮ್ಮ.

ಮಂಜೇಶ್ ನಕ್ಕುಬಿಟ್ಟ. ಚಿನ್ನದ ಗಣಿಯ ಊರಾದ ಊರಿಗಾಮಿನ ಆ ಕಂಪನಿ ಕಾಲದ ಮನೆಯ ಹಿಂಭಾಗಕ್ಕೆ ಅವನೂ ಹೆಂಡತಿ ಅನುವೂ ಬಾಡಿಗೆಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮುಂಭಾಗದಲ್ಲಿ ಮನೆಯೊಡತಿ ಓಬಳಮ್ಮ ಬೆಳಿಗ್ಗೆ ಇಡ್ಲಿ ಬೇಯಿಸಿ ಮಾರುತ್ತಿದ್ದಳು. ಅವಳ ನಡುಮನೆಯ ಗಾಜಿನ ಬೀರುವಿನಲ್ಲಿ, ದೇವರ ಪಟಗಳ ನಡುವೆ, ಅಂಗೈಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಯುದ್ಧವಿಮಾನವೊಂದಿತ್ತು. ಎರಡನೇ ಮಹಾಯುದ್ಧದ ಹರಿಕೇನ್. ಚಕ್ರಗಳಿಲ್ಲದೆ ಹೊಟ್ಟೆಯ ಮೇಲೆ ಬಿದ್ದಿತ್ತು. ಒಂದು ರೆಕ್ಕೆ ಮೇಲೆದ್ದು ಇನ್ನೊಂದು ಜೋತಿತ್ತು. ಮೈಮೇಲಿನ ಮೊಳೆಗಳ ಗುರುತು ಒಂದೊಂದೂ ರಾಗಿ ಕಾಳಿನ ಗಾತ್ರ.

ಕಾರ್ಖಾನೆಯಲ್ಲಿ ದಿನವಿಡೀ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವುದೇ ಮಂಜೇಶನ ಕೆಲಸ. ಮನೆಗೆ ಬಂದರೆ ಇಂಥವೇ ಪುಟ್ಟ ವಿಮಾನಗಳನ್ನು ಜೋಡಿಸುವ ಹುಚ್ಚು. ಸೊಟ್ಟಗಿರುವುದನ್ನು ಕಂಡರೆ ಅವನ ಬೆರಳು ತುರಿಸುತ್ತಿತ್ತು.

"ಯಾಕಮ್ಮಾ ತಿದ್ದಬಾರದು?"

"ಅದು ನನ್ ಮಗ ಅಶ್ವಥ್ ಮಾಡ್ತಿದ್ದಿದ್ದು. ಬಂಗ್ಲೆ ಖಾಲಿ ಮಾಡ್ಕೊಂಡೋದ ಆಂಗ್ಲೋ ಇಂಡಿಯನ್ನೋರು ಡಬ್ಬಿ ಸಮೇತ ಕೊಟ್ಟೋಗಿದ್ರು. ಜ್ವರ ಬಂದು ಅರ್ಧಕ್ಕೇ ಒಂಟೋದ. ಪೆರುಮಾಳ್ ಪೂಜಾರಿ ಅವ್ನ ಜೀವಾನ ಅದ್ರಾಗೆ ಕಟ್ಕೊಟ್ಟವ್ನೆ. ಸೊಟ್ಟಪಟ್ಟ ಇರೋಗಂಟ ನನ್ ಮಗ ಇಲ್ಲೇ ಇರ್ತಾನೆ. ಅದು ನೆಟ್ಟಗಾದ ದಿನ ಓಯ್ತಾನೆ." ಓಬಳಮ್ಮ ದನಿ ತಗ್ಗಿಸಿದಳು. "ಒಬ್ನೇ ಓಗಲ್ಲ."

"ಪೆಟ್ರೋಲ್ ಇಲ್ದೇನೇ ಹಾರುತ್ತಾ? ಹಾಗಿದ್ರೆ ನಮ್ ಫ್ಯಾಕ್ಟರಿಗೇ ತಗೊಂಡೋಗೋಣ ಬಿಡಿ."

ಅನು ಅವನ ತೋಳಿಗೆ ಚಿವುಟಿದಳು. ಓಬಳಮ್ಮ ನಗಲಿಲ್ಲ. ಬೀರುವಿನ ಬಾಗಿಲು ಹಾಕಿ ಸೆರಗಿನಿಂದ ಗಾಜು ಒರೆಸಿದಳು.

ಅನುವಿಗೆ ತಾಯಿಯಿರಲಿಲ್ಲ. ಬಂದ ವಾರದಲ್ಲೇ ಓಬಳಮ್ಮನನ್ನು ಅಮ್ಮ ಎಂದು ಹಚ್ಚಿಕೊಂಡಿದ್ದಳು. ಮುದುಕಿಯೂ ಅಷ್ಟೇ, ಮೊದಲ ಹಬೆಯ ಇಡ್ಲಿ ಅವಳಿಗೇ ಎತ್ತಿಡುತ್ತಿದ್ದಳು. ಪ್ರತಿ ಸಂಜೆ ಓಬಳಮ್ಮ ಬೀರುವಿನ ಮುಂದೆ ಕುಳಿತು ಊರ ಸಮಾಚಾರವೆಲ್ಲ ವಿಮಾನಕ್ಕೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅಳುತ್ತಿದ್ದಳು. ಗಾಜಿನ ಹಿಂದಿನಿಂದ ಯಾರೋ ಮೆಲ್ಲಗೆ ಸಿಳ್ಳೆ ಹಾಕಿದ್ದು ಕೇಳಿಸಿತೆಂದು ಅನು ಒಮ್ಮೆ ಹೇಳಿದಳು. ಗಣಿಯ ಸೈನೈಡ್ ಮಣ್ಣಿನ ದಿಬ್ಬದ ಕಡೆಯ ಗಾಳಿ ಕಣೇ ಅದು ಎಂದು ಮಂಜೇಶ್ ತಳ್ಳಿಹಾಕಿದ. ಆದರೆ ಆ ಅಳು ಅವನಿಗೂ ತಡೆಯಲಾಗುತ್ತಿರಲಿಲ್ಲ. ಮಗ ಬಿಟ್ಟುಹೋದ ಕೆಲಸವನ್ನು ಚೆಂದ ಮಾಡಿ ಮುಗಿಸಿಕೊಟ್ಟರೆ ಮುದುಕಿಗೆ ಸಮಾಧಾನವಾದೀತು ಎಂದುಕೊಂಡ. ಹಾಳು ಒಳ್ಳೆಯತನ! ಕೆಟ್ಟವನಾಗಿದ್ದರೆ ಸುಮ್ಮನಾದರೂ ಇರುತ್ತಿದ್ದ.

ಬೇತಮಂಗಲದಲ್ಲಿ ತಂಗಿಯ ಮೊಮ್ಮಗಳ ನಾಮಕರಣವೆಂದು ಓಬಳಮ್ಮ ಹೊರಟಳು. ಬೀರುವಿನ ಬೀಗದ ಕೈ ಅನುವಿಗೆ ಕೊಟ್ಟಳು.

"ಸಂಜೆ ದೀಪ ಇಕ್ಕಮ್ಮ. ಎಲ್ಡು ಮಾತಾಡ್ಸು ಅವ್ನ. ಇಲ್ದಿದ್ರೆ ಬೇಜಾರು ಮಾಡ್ಕೊಂತಾನೆ."

ಬಸ್ಸು ಹೊರಟದ್ದೇ ತಡ, ಮಂಜೇಶ್ ಕೈ ಚಾಚಿದ.

"ಬೇಡ ರೀ. ಅವರ ಜೀವ ಇರೋದೇ ಅದ್ರಲ್ಲಿ."

"ಅದಕ್ಕೇ ಕಣೇ ಮಾಡ್ತಿರೋದು. ವಾಪಸ್ ಬಂದು ನೋಡಿ ಎಷ್ಟು ಖುಷಿಪಡ್ತಾರೆ ನೋಡ್ತಿರು."

ವಿಮಾನವನ್ನು ತನ್ನ ಮೇಜಿಗೆ ತಂದ. ಹಳೆಯ ಅಂಟಿನ ಸಂದಿಗೆ ಬ್ಲೇಡು ತೂರಿಸಿ ಬಿಡಿಸಿದಾಗ ಒಳಗಿನಿಂದ ಕರ್ಪೂರದ ವಾಸನೆ ಬಂತು. ಅದರ ಹಿಂದೆಯೇ ಜ್ವರದ ಮೈಯ ಹುಳಿ ಬೆವರಿನ ವಾಸನೆ. ಹೊಟ್ಟೆಯೊಳಗೆ ಅರಿಶಿನದ ದಾರವೊಂದನ್ನು ಸುತ್ತಿ ಸುತ್ತಿ ಗಂಟು ಹಾಕಿದ್ದರು. ಹುಣಸೆ ಬೀಜದ ಗಾತ್ರದ ಪೈಲಟ್ ಬೊಂಬೆಯ ಬೆನ್ನಿಗೆ ಮೇಣದಲ್ಲಿ ಒಂದು ಉಗುರಿನ ಚೂರು ಅಂಟಿತ್ತು. ಮಂಜೇಶ್ ದಾರವನ್ನು ಕತ್ತರಿಸಿ ಕಸಕ್ಕೆ ಹಾಕಿದ. ಬೊಂಬೆ ಗಟ್ಟಿಯಾಗಿ ಕೂತಿದ್ದರಿಂದ ಅದನ್ನು ಹಾಗೇ ಬಿಟ್ಟ.

ಆಮೇಲೆ ಅವನಿಗೆ ಊಟತಿಂಡಿಯ ಪರಿವೆಯೂ ಉಳಿಯಲಿಲ್ಲ. ಜೋತ ರೆಕ್ಕೆ ಎತ್ತಿ ಸಮ ಮಾಡಿದ. ದಪ್ಪ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ತೆಳುವಾಗಿಸಿದ. ಉಬ್ಬಿದ ಮೊಳೆಗಳನ್ನೆಲ್ಲ ಕೆರೆದು ತೆಗೆದು, ತಗಡಿನ ಜೋಡಣೆಯ ಗೆರೆಗಳನ್ನು ಸೂಜಿಯಿಂದ ಹೊಸದಾಗಿ ಕೊರೆದ. ಮಾತ್ರೆಯ ಹಾಳೆ ಕತ್ತರಿಸಿ ಪೈಲಟ್‌ಗೆ ಸೀಟಿನ ಪಟ್ಟಿ ಬಿಗಿದ. ಸಂದಿಗಳಿಗೆ ಮುಖದ ಪೌಡರನ್ನು ಅಂಟಿನಲ್ಲಿ ಕಲಸಿ ತುಂಬುವಾಗ ಬ್ಲೇಡು ಜಾರಿ ಬೆರಳು ಕೊಯ್ದಿತು. ನೆತ್ತರು ಆ ಬಿಳಿ ಲೇಪದೊಳಗೆ ಇಳಿಯಿತು. ಒಣಗಿದ ಮೇಲೆ ಉಜ್ಜಿ ಬಣ್ಣ ಹಚ್ಚಿದರೆ ಏನೂ ಕಾಣಲಿಲ್ಲ. ತನ್ನ ಡಬ್ಬಿಯಿಂದ ಚಕ್ರಗಳನ್ನು ಹುಡುಕಿ ಕೂರಿಸಿದ.

ಉಳಿದದ್ದು ಒಂದೇ. ಬೆನ್ನಿನ ಕಂಬದಿಂದ ಬಾಲದ ತುದಿಯವರೆಗೆ ಒಂದು ರೇಡಿಯೋ ಏರಿಯಲ್ ತಂತಿ.

ಓಬಳಮ್ಮ ವಾಪಸಾಗುವ ಹಿಂದಿನ ಸಂಜೆ ದಿಬ್ಬದ ಕಡೆಯಿಂದ ಬಿಳಿ ಧೂಳು ಎದ್ದಿತ್ತು. ಹಸಿ ಬಣ್ಣಕ್ಕೆ ಅಂಟೀತೆಂದು ಮಂಜೇಶ್ ಕಿಟಕಿಗಳನ್ನೆಲ್ಲ ಮುಚ್ಚಿದ. ಕರೆಂಟೂ ಹೋಯಿತು. ಮೇಣದಬತ್ತಿಯ ಬೆಳಕಿನಲ್ಲಿ ಪ್ಲಾಸ್ಟಿಕ್ ಕಡ್ಡಿ ಕಾಯಿಸಿ ಎಳೆ ತೆಗೆದ. ಹಳೆಯ ಪ್ಲಾಸ್ಟಿಕ್, ಎಳೆದಷ್ಟೂ ತುಂಡಾಯಿತು. ಅನುವಿನ ಬಾಚಣಿಗೆ ಕಣ್ಣಿಗೆ ಬಿತ್ತು. ಅದರಲ್ಲಿ ನೀಳವಾದ ಒಂದು ಕೂದಲಿತ್ತು. ಏರಿಯಲ್‌ಗೆ ಹೆಣ್ಣಿನ ಕೂದಲಿನಷ್ಟು ಒಪ್ಪುವುದು ಮತ್ತೊಂದಿಲ್ಲವೆಂದು ವಿಮಾನ ಜೋಡಿಸುವವರೆಲ್ಲ ಬಲ್ಲರು. ಕಂಬದ ತುದಿಯ ಪ್ಲಾಸ್ಟಿಕ್ ತುಸು ಕರಗಿಸಿ ಕೂದಲು ಕೂರಿಸಲು ಊದುಬತ್ತಿ ಹಚ್ಚಿದ. ಉಸಿರು ಬಿಗಿಹಿಡಿದ.

ಮಾಟ ಮಾಡುವವನಿಗೆ ಇನ್ನೇನು ಬೇಕು? ನೆತ್ತರು ಬೇಕು, ಹೊಗೆ ಬೇಕು, ಕೂದಲು ಬೇಕು, ಒಂದೇ ಕಡೆ ನೆಟ್ಟ ಮನಸ್ಸು ಬೇಕು. ಪೆರುಮಾಳನಾದರೂ ಇಷ್ಟು ಶ್ರದ್ಧೆಯಿಂದ ಮಾಡಿದ್ದನೋ ಇಲ್ಲವೋ.

ಕೂದಲು ಬಿಗಿಯಾಯಿತು. ಅಂಟು ಹಿಡಿಯಿತು.

ಬೊಂಬೆ ಸಿಳ್ಳೆ ಹಾಕಿತು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. "ರೀ..." ಮತ್ತೆ ದನಿಯಿಲ್ಲ. ಮಂಜೇಶ್ ಓಡಿದ. ಕತ್ತಲು. ಗ್ಯಾಸಿನ ನೀಲಿ ಉರಿಯೊಂದೇ. ಅನು ಗೋಡೆಗೆ ಒರಗಿ ನಿಂತಿದ್ದಳು. ನಿಂತಿದ್ದಳೇ? ಅವಳ ಹಿಮ್ಮಡಿ ನೆಲ ಮುಟ್ಟಿರಲಿಲ್ಲ. ಜಡೆ ಮೇಲಕ್ಕೆ ಸೆಟೆದಿತ್ತು. ಕಣ್ಣು ತೆರೆದೇ ಇತ್ತು. ತಬ್ಬಿ ಎಳೆದ. ಬಂದಳು. ಖಾಲಿ ಗೋಣಿಚೀಲ ಎತ್ತಿಕೊಂಡಂತಾಯಿತು. ಅವಳಿಗೆ ತೂಕವೇ ಇರಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದ. ತೂಕದ ಯಂತ್ರದ ಮುಳ್ಳು ಅಲುಗಲಿಲ್ಲ. ಡಾಕ್ಟರು ಯಂತ್ರವನ್ನು ಬೈದು, ನಾಡಿ ಹಿಡಿದು, ನಿತ್ರಾಣ ಅಷ್ಟೇ ಎಂದು ಡ್ರಿಪ್ ಹಾಕಿ ಕಳಿಸಿದರು. ಬೆಳಗಾಗುವ ಹೊತ್ತಿಗೆ ಅವಳ ಉಸಿರು ಬೆರಳಿಟ್ಟರೂ ತಾಗದಷ್ಟು ಸಣ್ಣಗಾಗಿತ್ತು. ಫ್ಯಾನ್ ಹಾಕಲು ಮಂಜೇಶನಿಗೆ ಹೆದರಿಕೆ. ಅವಳ ಮೇಲೆ ಕಂಬಳಿಯ ಮೇಲೆ ಕಂಬಳಿ ಹೇರಿ, ಅಂಚಿಗೆಲ್ಲ ಅಕ್ಕಿ ಡಬ್ಬ, ಟೂಲು ಪೆಟ್ಟಿಗೆ ಇಟ್ಟು ಕೂತಿದ್ದ. ದೆವ್ವಗಿವ್ವ ಎಂದರೆ ನಗುತ್ತಿದ್ದವನಿಗೆ ಅಳಲೂ ಬರಲಿಲ್ಲ. ಎದ್ದು ಹೋಗಿ ವಿಮಾನಕ್ಕೆ ಬಿಗಿದ ಅವಳ ಕೂದಲಿಗೆ ಬ್ಲೇಡು ಮುಟ್ಟಿಸಿದ. ಅನು ಕಿಟಾರನೆ ಕಿರುಚಿದಳು. ಅವಳ ಕತ್ತಿನ ಮೇಲೆ ಕೆಂಪು ಗೆರೆ ಮೂಡಿ ರಕ್ತ ಜಿನುಗಿತು. ಬ್ಲೇಡು ಅವನ ಕೈಯಿಂದ ಬಿತ್ತು.

ಓಬಳಮ್ಮ ಬೆಳಗಿನ ಮೊದಲ ಬಸ್ಸಿಗೇ ಬಂದಳು. ಬೀರು ಖಾಲಿಯಿರುವುದನ್ನು ಕಂಡಳು. ಒಳಗೆ ಬಂದು ಅನುವನ್ನು ಕಂಡಳು. ಮೇಜಿನ ಮೇಲೆ ವಿಮಾನ ಚಕ್ರದ ಮೇಲೆ ನಿಂತಿತ್ತು, ಮೂಗೆತ್ತಿಕೊಂಡು, ಒಂದು ಕೂದಲೆಳೆಯಷ್ಟೂ ಸೊಟ್ಟವಿಲ್ಲದೆ.

"ಅಯ್ಯೋ ನನ್ ಕಂದಾ," ಎಂದಳು. ಯಾರಿಗೆ ಎಂದು ಅವಳಿಗೂ ತಿಳಿದಿರಲಿಕ್ಕಿಲ್ಲ.

ಮಂಜೇಶ್ ಅವಳ ಕಾಲ ಮೇಲೆ ಬಿದ್ದ. "ತಪ್ಪಾಯ್ತಮ್ಮಾ. ಒಡೆದು ಹಾಕ್ಲಾ? ಸುಟ್ಟು ಹಾಕ್ಲಾ? ಹೇಳಿ."

"ಒಡುದ್ರೆ ಅವ್ಳೂ ಒಡುದೋಯ್ತಾಳೆ. ಒಬ್ನೇ ಓಗಲ್ಲ ಅಂತ ನಾನ್ ಅವತ್ತೇ ಅಂದಿದ್ನಲ್ಲಪ್ಪ." ಮುದುಕಿ ಮೇಜಿನ ಪಕ್ಕ ನೆಲಕ್ಕೆ ಕುಸಿದು ಗೋಡೆಗೊರಗಿದಳು. ಅಲ್ಲಿಂದಲೇ ಕತ್ತೆತ್ತಿ ವಿಮಾನವನ್ನು ನೋಡಿದಳು. "ಚೆನ್ನಾಗ್ ಮಾಡಿದ್ದೀಯ ಕಣ್ಲಾ. ಅವ್ನಿಗೂ ಇಂಗೇ ಮಾಡ್ಬೇಕು ಅಂತ ಆಸೆ ಇತ್ತು. ಜ್ವರದಾಗೂ ಚಕ್ರ ಚಕ್ರ ಅಂತಿದ್ದ."

ಮುಡಿ ಬಿಚ್ಚಿದಳು. ನರೆತ ಕೂದಲೊಂದನ್ನು ಕಿತ್ತಳು.

"ಮೊದ್ಲು ಇದ್ನ ಅಂಟ್ಸು. ಆಮ್ಯಾಕೆ ಅವ್ಳುದ್ನ ಬುಡ್ಸು. ನಂಗೆ ಸಣ್ದು ಕಣ್ಗೆ ಕಾಣಲ್ಲ, ನೀನೇ ಮಾಡ್ಬೇಕು."

"ಆಗಲ್ಲಮ್ಮಾ! ನನ್ನ ಕೂದಲು ಹಾಕ್ತೀನಿ, ನಾನು ಹೋಗ್ತೀನಿ!"

"ಮುಚ್ಚಲೇ ಬಾಯಿ. ಆ ಮಗೀಗೆ ಗಂಡ ಬ್ಯಾಡ್ವಾ?" ಗದರಿದ ದನಿಯೇ ಒಡೆಯಿತು. "ಸಾಯಾಕೂ ಬುಡ್ದೆ ಕಟ್ಟಾಕಿವ್ನಿ ನನ್ ಮಗುನ್ನ. ದಿನಾ ಸಿಳ್ಳೆ ಆಕಿ ಬುಡವ್ವಾ ಬುಡವ್ವಾ ಅಂತಾನೆ. ಕೇಳುಸ್ದಂಗೆ ಊರ್ ಮಾತೆಲ್ಲ ಆಡ್ತಾ ಕುಂತ್ಕೊಂತೀನಿ. ತಾಯೇನ್ಲಾ ನಾನು? ಅಂಟ್ಸು. ಅವ್ನ್ ಜೊತೆ ನಾನೇ ಓಯ್ತೀನಿ."

ಒಳಗೆ ಟೂಲು ಪೆಟ್ಟಿಗೆ ಧೊಪ್ಪನೆ ಜಾರಿ ಬಿತ್ತು. ಕಂಬಳಿ ಮೇಲೇಳುತ್ತಿತ್ತು.

ಮಂಜೇಶ್ ಚಿಮಟಿಗೆ ಹಿಡಿದ. ಕೂದಲು ಎರಡು ಸಲ ಕಂಬ ತಪ್ಪಿ ಜಾರಿತು. ಓಬಳಮ್ಮ ಕೂತಲ್ಲಿಂದಲೇ ಕೈಯೆತ್ತಿ ಅವನ ಮಣಿಕಟ್ಟು ಹಿಡಿದುಕೊಂಡಳು. ಇಡ್ಲಿ ಹಬೆಯಲ್ಲಿ ಬೆಂದ ಒರಟು ಬೆರಳು, ಬೆಚ್ಚಗಿತ್ತು. ಬಿಳಿ ಕೂದಲು ಕಂಬಕ್ಕೆ ಅಂಟಿತು. ಬಾಲಕ್ಕೆ ಎಳೆದ. ಅಂಟಿತು. ಉಗುರಿನ ಬಣ್ಣ ತೆಗೆಯುವ ದ್ರಾವಣ ಹಚ್ಚಿ ಕರಿ ಕೂದಲಿನ ಅಂಟನ್ನು ಕರಗಿಸಿದ. ಒಂದು ತುದಿ ಬಿಟ್ಟಿತು. ಪ್ಲಾಸ್ಟಿಕ್ಕೂ ಕರಗುತ್ತಿತ್ತು. ಇನ್ನೊಂದು ತುದಿ. ಬಿಡಲಿಲ್ಲ. ಊದಿದ. ಮತ್ತೆ ಹಚ್ಚಿದ. ಬಿಟ್ಟಿತು.

ವಿಮಾನದ ಮೂಗಿನ ಪಂಕ ತಿರುಗಿತು.

ಮೊದಲು ಮೆಲ್ಲಗೆ. ಆಮೇಲೆ ಕಾಣದಷ್ಟು ವೇಗ. ಮುಚ್ಚಿದ ಕೋಣೆಯ ತುಂಬ ಗಾಳಿ. ಬಿಳಿ ಧೂಳು. ಕರ್ಪೂರದ ಘಾಟು. ಕಿವಿ ಒಡೆಯುವ ಮೊರೆತ. ಮಂಜೇಶ್ ಕಣ್ಣು ಮುಚ್ಚಿದ. ಮಣಿಕಟ್ಟಿನ ಮೇಲಿನ ಹಿಡಿತ ಒಮ್ಮೆ ಬಿಗಿಯಾಯಿತು.

"ಬಂದೆ ತಡಿಯೋ," ಎಂದಳು ಓಬಳಮ್ಮ. ಕೈ ಸಡಿಲಿತು.

ಸದ್ದು ನಿಂತಿತು. ಕಣ್ಣು ಬಿಟ್ಟರೆ ಮೇಜಿನ ಮೇಲೆ ಧೂಳಲ್ಲಿ ಎರಡು ಚಕ್ರದ ಗುರುತು ಅಂಚಿನವರೆಗೆ ಹೋಗಿತ್ತು. ಮುಂದೆ ಏನೂ ಇರಲಿಲ್ಲ. ಮುದುಕಿ ಗೋಡೆಗೊರಗಿ ಕೂತಿದ್ದಳು, ಕತ್ತು ಒಂದು ಕಡೆಗೆ ವಾಲಿತ್ತು.

ಒಳಗೆ ಮಂಚ ಕಿರುಗುಟ್ಟಿತು. ಅನುವಿನ ಮೈಭಾರಕ್ಕೆ ಹಲಗೆ ಬಗ್ಗಿದ ಸದ್ದು ಅದು. ಮಂಜೇಶ್ ತೂರಾಡುತ್ತ ಹೋದ. ಅವಳು ಕಂಬಳಿಗಳನ್ನು ತಳ್ಳಿ ಎದ್ದು ಕೂತಿದ್ದಳು. ಮುಖಕ್ಕೆ ರಕ್ತ ಬಂದಿತ್ತು. ಅವನು ಅವಳ ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತ.

"ಏನಾಯ್ತು ರೀ? ಯಾಕೆ ಹಿಂಗಾಡ್ತೀರ?" ಅವನ ತಲೆ ನೇವರಿಸುತ್ತ ಅವಳು ಬಾಗಿಲಾಚೆ ನೋಡಿದಳು. ಮುಖವರಳಿತು. "ಅಮ್ಮ ಬಂದ್ಬಿಟ್ರಾ! ಅಯ್ಯೋ ಪಾಪ, ಕೂತಲ್ಲೇ ನಿದ್ದೆ ಹೋಗಿದಾರೆ. ಬಸ್ಸಲ್ಲಿ ಎಷ್ಟು ಆಯಾಸ ಆಗಿದ್ಯೋ. ಎಬ್ಬಿಸ್ಬೇಡಿ ರೀ, ಹಾಗೇ ಇದ್ರೆ ಕತ್ತು ನೋಯುತ್ತೆ, ಒಂದು ದಿಂಬಾದ್ರೂ ಇಡಿ."

ಮಂಜೇಶ್ ಎದ್ದ. ಅವಳದೇ ದಿಂಬು ತೆಗೆದುಕೊಂಡು ಹೋಗಿ, ಮುದುಕಿಯ ತಲೆಯನ್ನು ಮೆಲ್ಲಗೆ ಎತ್ತಿ, ಅದರ ಅಡಿಗೆ ಇಟ್ಟ.