ಒಂದು ಗೇಣು ನೀರು

"ನನ್ನ ಲೆಕ್ಕ ತಪ್ಪಿಲ್ಲ ಮೇಡಂ. ಸಮುದ್ರಾನೇ ತಪ್ಪಿದೆ," ಎಂದಳು ಬಂದವಳು, ಕುರ್ಚಿಯಲ್ಲಿ ಕೂರುವ ಮೊದಲೇ.

ದೊಡ್ಡಮ್ಮ ಬಟಾಣಿ ಸುಲಿಯುತ್ತಿದ್ದರು. ಬಂದರಿನ ಅಪಘಾತಗಳ ತನಿಖೆಯಲ್ಲಿ ಕೂದಲು ನೆರೆಸಿಕೊಂಡು ನಿವೃತ್ತರಾದ ಮೇಲೂ ಜನ ಅವರ ಬಾಗಿಲು ಬಡಿಯುವುದನ್ನು ಬಿಟ್ಟಿರಲಿಲ್ಲ. ಅವರ ಮನೆಯಲ್ಲಿದ್ದು ಓದುತ್ತಿದ್ದ ನನ್ನನ್ನು ಎಲ್ಲರೂ 'ಮೇಡಂ ಜೊತೆಗಿರೋನು' ಎನ್ನುತ್ತಿದ್ದರು. ಆ ಮಾತು ನನಗೆ ಹಿಡಿಸುತ್ತಿರಲಿಲ್ಲ.

ಬಂದವಳು ಚಂಡಮಾರುತ ಮುನ್ಸೂಚನಾ ಕಚೇರಿಯವಳು. ಬಿರುಗಾಳಿ ದಡಕ್ಕೆ ಎಷ್ಟು ಎತ್ತರದ ನೀರನ್ನು ತಳ್ಳಿ ತರುತ್ತದೆಂದು ಲೆಕ್ಕ ಹಾಕುವುದು ಅವಳ ಕೆಲಸ. ಅವಳ ಅಣ್ಣನದೂ ಅದೇ ಕೆಲಸ. ತಂಗಿಯ ಕೊಡೆ ಹಿಡಿದುಕೊಂಡು ಅವನೂ ಜೊತೆಗೆ ಬಂದಿದ್ದ.

"ಅಣ್ಣಂದು ಹಳೇ ಪದ್ಧತಿ. ಗಾಳಿ ವೇಗ, ವಾಯುಭಾರ, ಅಷ್ಟೇ. ನಮ್ಮ ಕೊಲ್ಲಿ ಆಳ ಇಲ್ಲ ಮೇಡಂ. ಗಾಳಿ ತಳ್ಳಿದ ನೀರಿಗೆ ಕೆಳಗಿಂದ ವಾಪಸ್ ಹೋಗೋಕೆ ಜಾಗ ಇರಲ್ಲ, ಮೇಲಕ್ಕೇ ಏರತ್ತೆ. ನಾನು ಅದನ್ನೂ ಸೇರಿಸ್ತೀನಿ. ಹೋದ ತಿಂಗಳ ಸಣ್ಣ ಬಿರುಗಾಳಿಗೆ ನಾನು ಹೇಳಿದ್ದು ಅಣ್ಣನಿಗಿಂತ ಒಂದು ಗೇಣು ಜಾಸ್ತಿ. ಅಳತೆ ಹಲಗೆ ನೋಡಿದ್ರೆ ಅಣ್ಣಂದೇ ಸರಿ."

"ಈಗೇನು ಅವಸರ?"

"ನಾಳೆ ದೊಡ್ಡದು ಬರ್ತಿದೆ. ಅಣ್ಣನ ಪ್ರಕಾರ ನೀರು ದಡದ ಒಡ್ಡಿನ ತುದಿಗಿಂತ ಕೆಳಗೇ ನಿಲ್ಲತ್ತೆ. ನನ್ನ ಪ್ರಕಾರ ದಾಟತ್ತೆ. ಒಡ್ಡಿನ ಹಿಂದಿನ ಕೇರಿ ಖಾಲಿ ಮಾಡಿಸ್ಬೇಕಾ ಬೇಡ್ವಾ ಅಂತ ನಮ್ಮ ಕಚೇರಿ ಸಾಹೇಬ್ರು ಇವತ್ತು ಸಂಜೆಯೊಳಗೆ ಹೇಳ್ಬೇಕು. ಅವರು ಅಣ್ಣನ ಲೆಕ್ಕಾನೇ ಹಿಡ್ಕೊಂಡಿದಾರೆ."

ಅಣ್ಣ ನಕ್ಕ. "ಪುಟ್ಟಿಗೆ ಸೋತು ಅಭ್ಯಾಸ ಇಲ್ಲ ಮೇಡಂ. ಈ ಲೆಕ್ಕ ಕಲಿಸಿದ್ದೇ ನಾನು. ಕಲಿಸಿದೋನು ಒಂದು ಸಲ ಗೆಲ್ಲಬಾರ್ದಾ?"

"ನಿಮ್ಮ ಮನೆ ಎಲ್ಲಮ್ಮ?" ದೊಡ್ಡಮ್ಮ ತಂಗಿಯನ್ನು ಕೇಳಿದರು.

"ಅದೇ ಕೇರೀಲಿ, ಅಮ್ಮನ ಜೊತೆ. ನಿನ್ನೆಯಷ್ಟೇ ಅಮ್ಮನ್ನ ಅಣ್ಣ ತನ್ನ ಮನೆಗೆ ಕರ್ಕೊಂಡು ಹೋದ. ಮಂಡಿನೋವು ಜಾಸ್ತಿಯಾಗಿದೆ, ನಾನು ನೋಡ್ಕೋತೀನಿ ಅಂದ. ಮೂರನೇ ಮಹಡಿ, ಲಿಫ್ಟ್ ಬೇರೆ ಇಲ್ಲ. ಹತ್ತಿಸೋ ಹೊತ್ತಿಗೆ ಅಮ್ಮ ಬಾಯಿಗೆ ಬಂದಿದ್ದೆಲ್ಲಾ ಬೈದ್ರಂತೆ."

ದೊಡ್ಡಮ್ಮ ಬಟಾಣಿಯ ಬುಟ್ಟಿ ಪಕ್ಕಕ್ಕಿಟ್ಟು ಚಪ್ಪಲಿ ಹುಡುಕಿದರು.

ಕಚೇರಿ ಎಂದರೆ ದೋಣಿ ನಿಲ್ಲುವ ಕಡಲ ಕಟ್ಟೆಯ ಬುಡದಲ್ಲಿ ಒಂದೇ ಉದ್ದನೆಯ ಕೋಣೆ. ಸಾಹೇಬರ ಸೊಂಟದಲ್ಲಿ ಬೀಗದ ಕೈಗೊಂಚಲು ನೇತಾಡುತ್ತಿತ್ತು. ಕಟ್ಟೆಯ ಗೇಟಿನದೂ ಅದರಲ್ಲೇ ಇತ್ತು. ನನ್ನ ಅನುಮಾನ ಅಲ್ಲೇ ಅಂಟಿಕೊಂಡಿತು. ಅವರೋ ನಮಗೆ ಚಹಾ ಸುರಿದುಕೊಟ್ಟು ತಾವೇ ಮುಖ ಕಿವುಚಿದರು.

"ದಿನಾ ಬೆಳಿಗ್ಗೆ ಮೂರೂ ಜನ ಪಂದ್ಯ ಕಟ್ತೀವಿ," ಎಂದರು. "ಇವತ್ತಿನ ಉಬ್ಬರ ಹಲಗೆಯ ಯಾವ ಗೆರೆ ಮುಟ್ಟತ್ತೆ ಅಂತ. ಜಾಸ್ತಿ ತಪ್ಪಿದೋರು ಮಾರನೇ ದಿನ ಚಹಾ ಮಾಡ್ಬೇಕು. ಮೊದಲೆಲ್ಲ ಇವನ ಕಷಾಯಾನೇ ಕುಡೀತಿದ್ವಿ. ಆ ಸಣ್ಣ ಬಿರುಗಾಳಿಯಿಂದ ಈಚೆಗೆ ಇವನು ಒಲೆ ಹತ್ರ ಸುಳಿದಿಲ್ಲ. ನಂದು, ಇಲ್ಲಾ ಅವಳದು. ಸಮುದ್ರಕ್ಕೆ ಏನೋ ಮುನಿಸು."

"ಅದೃಷ್ಟ ಸಾರ್," ಎಂದ ಅಣ್ಣ.

ಇಳಿತದ ಹೊತ್ತು. ನಾನೂ ದೊಡ್ಡಮ್ಮನೂ ಕಟ್ಟೆಯ ಮೆಟ್ಟಿಲಿಳಿದೆವು. ಅಳೆಯುವ ಯಂತ್ರ ಕೆಟ್ಟು ಬಹಳ ಕಾಲವಾಗಿತ್ತು. ಕಂಬಕ್ಕೆ ಬೋಲ್ಟು ಹಾಕಿ ಕೂರಿಸಿದ, ಗೆರೆ ಬರೆದ ಹಲಗೆಯೇ ಎಲ್ಲರಿಗೂ ಗತಿ. ನೀರು ಮುಟ್ಟುವಷ್ಟು ಎತ್ತರಕ್ಕೆ ಕಂಬಗಳಿಗೆಲ್ಲ ಚೂಪಾದ ಬಿಳಿ ಚಿಪ್ಪುಗಳು ಅಂಟಿದ್ದವು. ಹಲಗೆಯ ಮೇಲೆ ಮಾತ್ರ ಅವು ಇನ್ನಷ್ಟು ಮೇಲೆ ಹತ್ತಿದ್ದವು. ಅದು ನನ್ನ ಕಣ್ಣಿಗೇ ಮೊದಲು ಬಿತ್ತು. ನುಣುಪು ಮರ, ಮೇಲಕ್ಕೆ ಹತ್ತಿಕೊಂಡಿರಬಹುದು ಎಂದುಕೊಂಡು ಸುಮ್ಮನಾದೆ. ದೊಡ್ಡಮ್ಮ ಅಲ್ಲಿಗೆ ಬೆರಳು ಚಾಚಿ ಗೇಣು ಹಾಕಿದರು. ಆಮೇಲೆ ಒದ್ದೆ ಕೈಯನ್ನು ನನ್ನ ಅಂಗಿಗೆ ಒರೆಸಿದರು.

"ಎಲ್ಲರನ್ನೂ ಕೂರಿಸೋ," ಎಂದರು.

ಮೂವರೂ ಮೇಜಿನ ಸುತ್ತ ಕೂತರು.

"ಚಿಪ್ಪು ಬೆಳೆಯೋದು ನೀರು ಮುಟ್ಟೋವರೆಗೆ ಮಾತ್ರ," ದೊಡ್ಡಮ್ಮ ಶುರು ಮಾಡಿದರು. "ಕಂಬದ ಮೇಲೂ ಹಲಗೆ ಮೇಲೂ ಒಂದೇ ಮಟ್ಟದಲ್ಲಿರ್ಬೇಕು. ಹಲಗೆ ಮೇಲೆ ಒಂದು ಗೇಣು ಎತ್ತರಕ್ಕಿದೆ. ಅಂದ್ರೆ ಯಾರೋ ಬೋಲ್ಟು ಬಿಚ್ಚಿ ಹಲಗೇನೇ ಅಷ್ಟು ಎತ್ತಿ ಕೂರಿಸಿದಾರೆ. ಹಲಗೆ ಮೇಲಕ್ಕೆ ಹೋದ್ರೆ ಗೆರೆ ಲೆಕ್ಕದಲ್ಲಿ ನೀರು ಕಮ್ಮಿ ಕಾಣತ್ತೆ. ಅಣ್ಣ ತಂಗಿ ಲೆಕ್ಕಕ್ಕಿದ್ದ ವ್ಯತ್ಯಾಸವೂ ಒಂದೇ ಗೇಣು."

ಸಾಹೇಬರು ಕೈಗೊಂಚಲು ಹಿಡಿದುಕೊಂಡರು. "ನಾನಲ್ಲ."

"ನೀವಲ್ಲ. ನೀವು ಮಾಡಿದ್ರೆ ದಿನಾ ಪಂದ್ಯ ಸೋತು ಚಹಾ ಕಾಯಿಸ್ತಿರಲಿಲ್ಲ. ಈಕೇನೂ ಅಲ್ಲ. ಹಲಗೆ ಸುಳ್ಳು ಅಂತ ಗೊತ್ತಿದ್ದೋನೊಬ್ಬನೇ ಗೇಣು ಕಳೆದು ಪಂದ್ಯ ಕಟ್ಟೋಕೆ ಸಾಧ್ಯ." ಅವರು ಅಣ್ಣನ ಕಡೆ ತಿರುಗಿದರು. "ದಿನಾ ಗೆಲ್ಲೋ ಆಸೆ ಬಿಟ್ಟು ನಾಲ್ಕು ದಿನ ಚಹಾ ಮಾಡಿದ್ರೆ ನಿನ್ನ ಹೆಸರು ನನಗೆ ಸಿಗ್ತಿರಲಿಲ್ಲ."

"ಊಹೆ ಇದು ಮೇಡಂ. ನನ್ನ ಲೆಕ್ಕ ಸರಿ ಇದೆ. ನೀರು ದಾಟಲ್ಲ."

"ಮಂಡಿನೋವಿನ ತಾಯೀನ ಯಾವ ಮಗನೂ ಮೂರನೇ ಮಹಡಿ ಹತ್ತಿಸಲ್ಲ ಕಣಪ್ಪ. ನೀರು ದಾಟತ್ತೆ ಅಂತ ಈ ಕೋಣೇಲಿ ಪೂರ್ತಿ ನಂಬಿರೋನು ನೀನೊಬ್ಬನೇ."

ಅಣ್ಣ ಮೇಜು ನೋಡುತ್ತ ಕೂತ. "ಬಂದೋರೆಲ್ಲ ಅವಳನ್ನೇ ಕೇಳ್ತಾರೆ. ನನ್ನ ಕೈಲಿ ಕೊಡೆ ಕೊಡ್ತಾರೆ. ಹಲಗೆ ಓದ್ಬೇಕು ಅಂತ ಸಾಹೇಬ್ರ ಹತ್ರ ಗೇಟಿನ ಕೀಲಿ ಇಸ್ಕೊಂಡು, ಒಂದು ಸಲ ಅವಳು ತಪ್ಪಲಿ ಅಂತ ಮಾಡ್ದೆ. ಅದರ ಹಿಂದೇನೇ ದೊಡ್ಡದು ಬರತ್ತೆ ಅಂತ ಅಂದ್ಕೊಂಡಿರಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

"ಆ ಕೇರೀಲಿ ಎಷ್ಟು ಜನರ ಅಮ್ಮಂದಿರಿದಾರೆ ಅಣ್ಣಾ?" ಎಂದಳು ತಂಗಿ.

ಸಾಹೇಬರು ಆಗಲೇ ಫೋನು ಎತ್ತಿದ್ದರು. ಸಂಜೆಯೊಳಗೆ ಕೇರಿ ಖಾಲಿಯಾಯಿತು. ಮರುದಿನ ನೀರು ಒಡ್ಡು ದಾಟಿ ಮನೆಗಳೊಳಗೆ ನುಗ್ಗಿತು. ಒಂದು ಹೆಣವೂ ಬೀಳಲಿಲ್ಲ.

ಗಾಳಿ ನಿಂತ ಮೇಲೆ ನಾವು ಅಣ್ಣನ ಮನೆಗೆ ಹೋದೆವು. ಕೆಲಸ ಹೋಗಿತ್ತು, ವಿಚಾರಣೆ ಬಾಕಿಯಿತ್ತು. ತಾಯಿಗೆ ಯಾರೂ ಇನ್ನೂ ಏನೂ ಹೇಳಿರಲಿಲ್ಲ. ಆಕೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನನ್ನ ಮಗಳು ಇಡೀ ಕೇರಿ ಉಳಿಸಿದಳು," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅವನು ನನ್ನನ್ನು ಬಾಗಿಲ ಬಳಿ ತಡೆದ. "ನೀರು ಎಷ್ಟು ಬಂತು? ಪುಟ್ಟಿ ಹೇಳಿದಷ್ಟೇನಾ?"

"ಎರಡು ಬೆರಳು ಕಮ್ಮಿ."

ಅವನ ಮುಖ ಕ್ಷಣಮಾತ್ರ ಅರಳಿತು. ಅವಮಾನ, ಕೆಲಸ, ಪೊಲೀಸು ಎಲ್ಲದರ ನಡುವೆಯೂ ಅರಳಿತು. ಒಳಗೆ ಯಾರೋ ದೊಡ್ಡಮ್ಮನ ಬುದ್ಧಿಯನ್ನು ಕೊಂಡಾಡುತ್ತಿದ್ದರು. ಚಿಪ್ಪನ್ನು ಮೊದಲು ಕಂಡವನು ನಾನು ಎಂದು ಅವನಿಗೆ ಹೇಳಿದೆ. ಅವನೊಬ್ಬನೇ ಪೂರ್ತಿ ಕೇಳಿದ.