ಮೊದಲ ಸಾಲಿನ ಮನೆ

ಬುಧವಾರ ಮಧ್ಯಾಹ್ನ ಎರಡೂವರೆಗೆ ಠಾಣೆಗೆ ಬಂದವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು. ಅಣ್ಣನ ಅಂತ್ಯಕ್ರಿಯೆ ಮುಗಿಸಿ ನೇರ ಬಂದಿದ್ದ. ಹಿಂದಿನ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಣ್ಣನಿಗೆ ಎದೆನೋವು ಬಂದು ಬಡಾವಣೆಯ ಕ್ಲಿನಿಕ್ಕಿಗೆ ಒಯ್ದಿದ್ದರು. ಅಲ್ಲಿ ಹೃದಯತಜ್ಞರಿಲ್ಲ. ದೊಡ್ಡಾಸ್ಪತ್ರೆಯ ತಜ್ಞರು ವಿಡಿಯೊದಲ್ಲಿ ನೋಡುತ್ತ ನರ್ಸಿಗೆ ಸೂಚನೆ ಕೊಡುತ್ತಿದ್ದರು.

"ಯಾವ ಇಂಜೆಕ್ಷನ್ ಅಂತ ಹೇಳೋಷ್ಟರಲ್ಲಿ ನೆಟ್ ಹೋಗಿ ಡಾಕ್ಟರ ಮುಖ ಬಾಯಿ ತೆರೆದಂಗೇ ನಿಂತೋಯ್ತು ಸಾರ್. ನರ್ಸ್ ಫೋನ್ ಮಾಡಿದ್ರು. ಇಸಿಜಿ ಗ್ರಾಫ್ ಕಾಣದೆ ಡಾಕ್ಟರಾದ್ರೂ ಏನು ಹೇಳ್ತಾರೆ?"

ಎಫ್ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ದಫೇದಾರರೊಂದಿಗೆ ಹೋಗಿ ಕ್ಲಿನಿಕ್ಕಿನಲ್ಲಿ ಪಂಚನಾಮೆ ಮಾಡಿದರು. ಕೇಬಲ್ ಎಲ್ಲೂ ತುಂಡಾಗಿರಲಿಲ್ಲ. ಪಕ್ಕದ ಕ್ಷೌರದಂಗಡಿಗೂ ಅದೇ ಕೇಬಲ್.

"ನಿನ್ನೆ ಹನ್ನೊಂದಕ್ಕೆ ನೆಟ್ ಹೋಗಿತ್ತಾ?"

"ಇಲ್ಲ ಸಾರ್, ಸಿನಿಮಾ ನೋಡ್ತಿದ್ದೆ. ಗಿರಾಕಿ ಕಿವಿ ಹತ್ರ ಕೂದಲು ಜಾಸ್ತಿ ಹೋಯ್ತು, ನೆಟ್ ಮಾತ್ರ ಹೋಗ್ಲಿಲ್ಲ."

ಹಾಗಾದರೆ ನಿಂತದ್ದು ಕ್ಲಿನಿಕ್ಕಿನದು ಮಾತ್ರ. ಇಬ್ಬರೂ ಬ್ರಾಡ್‌ಬ್ಯಾಂಡ್ ಕಚೇರಿಗೆ ಹೋದರು. ಮಾಲೀಕ ಕಂಪ್ಯೂಟರ್ ತೆರೆದ.

"ಎಲ್ಲರೂ ಒಟ್ಟಿಗೆ ನೆಟ್ಟಿಗೆ ನುಗ್ಗಿದಾಗ ಸಾಲು ಮಾಡ್ತೀವಿ ಸಾರ್. ಆಂಬುಲೆನ್ಸ್‌ಗೆ ದಾರಿ ಬಿಟ್ಟಂಗೆ, ಕ್ಲಿನಿಕ್ಕು ಮೊದಲ ಸಾಲು."

"ನಮ್ಮ ಸ್ಟೇಷನ್?" ದಫೇದಾರರು ಕೇಳಿದರು.

"ಕೊನೇದು ಸಾರ್."

"ಗೊತ್ತಾಗ್ತಿತ್ತು ಬಿಡಿ."

"ನಿನ್ನೆ ಹನ್ನೊಂದಕ್ಕೆ ಮೊದಲ ಸಾಲಲ್ಲಿ ಯಾರಿದ್ರು?" ಇನ್‌ಸ್ಪೆಕ್ಟರ್ ಕೇಳಿದರು.

ಮಾಲೀಕ ಪರದೆಯತ್ತ ಬಾಗಿದ. "ಕ್ಲಿನಿಕ್ಕಿನ ಜಾಗದಲ್ಲಿ ಯಾವುದೋ ಮನೆ ಇದೆ ಸಾರ್... ಇದು ನಮ್ಮ ಟೆಕ್ನಿಷಿಯನ್ ಮನೆ."

ಟೆಕ್ನಿಷಿಯನ್ ಮನೆಯಲ್ಲೇ ಇದ್ದ. ಸಾವಿನ ಸುದ್ದಿ ಕೇಳಿ, ಏನನ್ನೂ ಮುಚ್ಚಿಡಲು ನೋಡಲಿಲ್ಲ.

"ಮಗಳಿಗೆ ಕಿವಿ ಕೇಳಲ್ಲ, ಮಾತು ಬರಲ್ಲ. ಅವಳಿಗೆ ಕೈಯೇ ಬಾಯಿ. ನಿನ್ನೆ ವಿಡಿಯೊದಲ್ಲಿ ಕೆಲಸದ ಸಂದರ್ಶನ ಇತ್ತು. ಹೋದ ಸಲ ಚಿತ್ರ ತಡೆದು ತಡೆದು ಬಂದು, ಇವಳು ಹೇಳಿದ್ದು ಅರ್ಧ ಅವರಿಗೆ ಮುಟ್ಟಲೇ ಇಲ್ಲ. ಬೇಡ ಅಂದ್ಬಿಟ್ರು."

"ಕ್ಲಿನಿಕ್ಕಿನ ಜಾಗವೇ ಬೇಕಿತ್ತಾ?"

"ಮೊದಲ ಸಾಲಲ್ಲಿ ಜಾಗ ಕಮ್ಮಿ ಸಾರ್. ಆ ಹೊತ್ತಲ್ಲಿ ಕ್ಲಿನಿಕ್ಕಿನದು ದಿನಾ ಖಾಲಿ ಬಿದ್ದಿರೋದು. ತಿಂಗಳ ಬಳಕೆ ಗ್ರಾಫ್ ನೋಡೇ ಕೊನೇ ಸಾಲಿಗೆ ಇಳಿಸಿದೆ. ಒಂದು ಗಂಟೆ ಅಷ್ಟೇ ಅಂತ..."

"ಖಾಲಿ ಇಟ್ಟಿದ್ದೇ ಇಂಥ ಹೊತ್ತಿಗಲ್ವೇನಯ್ಯಾ?"

ಅವನು ಮಗಳಿದ್ದ ಕೋಣೆಯತ್ತ ನೋಡಿದ.

"ಕೆಲಸ ಸಿಕ್ತಾ?"

"ಸಿಕ್ತು ಸಾರ್."

ದಫೇದಾರರು ಕೈಕೋಳ ತೆಗೆದರು. ಅಷ್ಟರಲ್ಲಿ ಮಗಳು ಒಳಗಿನಿಂದ ಬಂದು, ಖಾಕಿ ಕಂಡು, ಅಪ್ಪನತ್ತ ಗಾಬರಿಯಿಂದ ಕೈಯಾಡಿಸಿದಳು.

"ಕೋಳ ಒಳಗಿಡ್ರಿ," ಇನ್‌ಸ್ಪೆಕ್ಟರ್ ಮೆಲ್ಲನೆ ಅಂದರು. "ಮಗಳ ಹತ್ರ ಮಾತಾಡ್ಲಿ."

ಅವನ ಕೈಗಳು ಏನು ಹೇಳಿದವೋ ಪೊಲೀಸರಿಗೆ ಅರ್ಥವಾಗಲಿಲ್ಲ. ಸಾವಿನ ಸುದ್ದಿ ಮುಟ್ಟಿದ್ದು ಮಾತ್ರ ತಿಳಿಯಿತು. ಅವಳ ಕೈಗಳು ಎದೆಯ ಮುಂದೆ ಹಾಗೇ ನಿಂತುಬಿಟ್ಟವು. ಆಮೇಲೆ ಅವಳು ಕಣ್ಣು ಮುಚ್ಚಿಕೊಂಡಳು.

ಅಪ್ಪನ ಕೈಗಳು ಇನ್ನೂ ಹೇಳುತ್ತಲೇ ಇದ್ದವು.