ಆನೆಯ ಮೇಲೆ ಬಿದ್ದ ಕೈ

ಗ್ಯಾಲರಿಯಿಂದ ತೂರಿಬಂದ ಮೊದಲ ಬಾಟಲಿ ಗೋಡೆಗೆ ಬಡಿದು ಪುಡಿಯಾದಾಗ ನಾನು ತಲೆ ಎತ್ತಲಿಲ್ಲ. ಎದುರು ಕೂತಿದ್ದ ಸಿಡುಕನೂ ಎತ್ತಲಿಲ್ಲ. ಒಂದನ್ನೊಂದು ಕಂಡರಾಗದ ಎರಡು ದೇಶಗಳ ಚೆಸ್ ಪಂದ್ಯವದು. ನಾಲ್ಕು ಬೋರ್ಡುಗಳಲ್ಲಿ ಮೂರು ಮುಗಿದು ಅಂಕ ಸಮವಾಗಿತ್ತು. ಉಳಿದದ್ದು ನಮ್ಮಿಬ್ಬರ ಆಟ. ಪಂದ್ಯ ನಮ್ಮೂರಲ್ಲಿ, ಹೊರಗೆ ಅವರ ತಂಡದ ಬಸ್ಸು ಧಗಧಗ ಉರಿಯುತ್ತಿತ್ತು.

ಸಿಡುಕ ಎಂಬ ಹೆಸರು ನಾನಿಟ್ಟದ್ದು. ಹೋದ ವರ್ಷ ಬೇರೊಂದು ದೇಶದ ಟೂರ್ನಿಯಲ್ಲಿ ನನ್ನ ಕೈಲಿ ಸೋತು ಮೂತಿ ಊದಿಸಿಕೊಂಡಿದ್ದ, ಸಂಜೆ ತಾನಾಗಿಯೇ ಬಂದು ಕಾಫಿಗೆ ಕರೆದಿದ್ದ. ಅಂದಿನಿಂದ ದಿನಾ ಫೋನು. ನಮ್ಮ ಕ್ಯಾಪ್ಟನ್, ಅಂದರೆ ನನ್ನ ಸ್ವಂತ ಅಣ್ಣನಿಗೆ ಇದು ಗೊತ್ತಾದರೆ ನನ್ನ ಕತೆ ಮುಗಿಯಿತು.

"ಹಾಗೆ ನೋಡ್ಬೇಡ ಕಣೇ," ಅವನು ತುಟಿ ಅಲುಗಿಸದೆ ಪಿಸುಗುಟ್ಟಿದ.

"ನಿನ್ನ ಕುದುರೆ ನೋಡ್ತಿದೀನಿ."

"ಕುದುರೆ ನನ್ನ ಕೆನ್ನೆ ಮೇಲಿಲ್ಲ."

ನಗು ಉಕ್ಕಿ ಬಂತು, ಹಲ್ಲು ಕಚ್ಚಿ ನುಂಗಿದೆ. ನಡೆ ಅವನದಾಗಿತ್ತು. ಅವನ ಆನೆ ಕದಲದೆ ನಿಂತಿರುವಷ್ಟು ಕಾಲ ನನ್ನ ಸೋಲು ಖಚಿತವಾಗಿತ್ತು.

ಆಗ ಕಲ್ಲೊಂದು ಬಂದು ನನ್ನ ತಲೆಯ ಮೇಲಿನ ಕಿಟಕಿ ಒಡೆಯಿತು. ಅವನು ಬೋರ್ಡಿನ ಮೇಲಿಂದ ಬಾಗಿ ಒಂದು ಕೈಯಿಂದ ನನ್ನ ಮುಖ ಮುಚ್ಚಿದ. ಗಾಜು ಆ ಕೈಯನ್ನು ಸೀಳಿತು. ಇನ್ನೊಂದು ಕೈ ಊರಿದ್ದು ಆನೆಯ ಮೇಲೆ.

"ಆನೆ ಮುಟ್ಟಿದಾನೆ! ಮುಟ್ಟಿದ ಕಾಯಿನೇ ನಡೆಸ್ಬೇಕು!" ಬದಿಯಿಂದ ಓಡಿಬಂದ ಅಣ್ಣ ಅರಚಿದ. ಅದು ನಿಯಮ. ಆನೆ ಕದಲಿದರೆ ಗೆಲುವು ನಮ್ಮದು.

ಗಲಾಟೆಗೆ ಹೆದರಿ ಬಾಗಿಲ ಕಡೆ ತಿರುಗಿದ್ದ ತೀರ್ಪುಗಾರರು ಗಡಿಯಾರ ನಿಲ್ಲಿಸಿದರು. "ನಾನು ನೋಡ್ಲಿಲ್ಲ. ನೀವೇ ಹೇಳಿ ಮೇಡಂ, ಬೇಕಂತ ಮುಟ್ಟಿದ್ರಾ?"

ಅಣ್ಣನ ಉಗುರು ನನ್ನ ಭುಜಕ್ಕೆ ಇಳಿಯಿತು. "ಹೂಂ ಅನ್ನು. ಇಲ್ಲಾಂದ್ರೆ ಮನೆ ಮೆಟ್ಟಿಲು ಹತ್ಬೇಡ."

ಸಿಡುಕ ಗಲ್ಲ ಮೇಲೆತ್ತಿ ಕೂತ. ರಕ್ತ ಬಿಳಿ ಮನೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಮಾತು ಕೇಳಿಕೊಂಡರೆ ಗಂಟು ಹೋಗುತ್ತಿತ್ತೇ, ಜಂಭದ ಕೋಳಿಗೆ!

"ಅದು ಆನೆಗೆ ಚಾಚಿದ ಕೈ ಅಲ್ಲ ಸರ್. ನನ್ನ ಕಾಪಾಡೋಕೆ ಬಂದಿದ್ದು."

"ನಿನ್ನ ಅವನ್ಯಾಕೆ ಕಾಪಾಡ್ಬೇಕು?" ಎಂದ ಅಣ್ಣ.

"ಯಾಕಂದ್ರೆ ಅವನಿಗೆ ನಾನು ಬೇಕು ಅಣ್ಣ. ನನಗೂ ಅವನೇ ಬೇಕು."

ಕಪಾಳಕ್ಕೆ ಬಿತ್ತು. ಬಾಯಲ್ಲಿ ರಕ್ತ ಉಪ್ಪುಪ್ಪಾಯಿತು. ಸಿಡುಕ ಕುರ್ಚಿ ಒದ್ದು ಅಣ್ಣನ ಕತ್ತಿನ ಪಟ್ಟಿಗೆ ಕೈ ಹಾಕಿದ.

"ಬಿಡು ಅವನ್ನ! ಕೂತ್ಕೊಂಡು ಆಟ ಮುಗಿಸು," ಎಂದೆ ನಾನು ಸಿಡುಕನಿಗೆ.

"ನಿನ್ನ ಸೋಲ್ಸಿ ನಾನೇನು ಮಾಡ್ಲಿ? ಡ್ರಾ ಮಾಡ್ಕೊಳ್ಳೋಣ."

"ಬಿಟ್ಟುಕೊಟ್ಟು ನೋಡು, ಈ ಜನ್ಮದಲ್ಲಿ ಮಾತಾಡ್ಸಲ್ಲ."

ಆನೆ ನಡೆಸಬೇಕಿಲ್ಲ ಎಂದು ತೀರ್ಪುಗಾರರು ಗಡಿಯಾರ ಓಡಿಸಿದರು. ಅವನು ಕುದುರೆ ಎತ್ತಿಟ್ಟ. ನಾನು ಸೋಲೊಪ್ಪಿ ರಾಜನನ್ನು ಮಲಗಿಸಿದೆ. ಗ್ಯಾಲರಿಯಿಂದ ಕುರ್ಚಿಗಳು ಹಾರಿಬಂದವು. ಪೊಲೀಸರು ಗುರಾಣಿ ಹಿಡಿದು ಒಂದೊಂದು ತಂಡವನ್ನು ಒಂದೊಂದು ಬಾಗಿಲಿಗೆ ನೂಕತೊಡಗಿದರು. ಅಣ್ಣ ತಿರುಗಿಯೂ ನೋಡದೆ ನಡೆದುಬಿಟ್ಟ.

"ಮೇಡಂ, ನೀವು ಯಾವ ಟೀಮು? ಬೇಗ ಹೇಳಿ!" ಪೇದೆಯೊಬ್ಬ ಕೂಗಿದ.

ದುಪಟ್ಟಾ ಹರಿದು ಸಿಡುಕನ ಕೈಗೆ ಬಿಗಿಯಾಗಿ ಸುತ್ತಿದೆ. "ಸೋತ ಟೀಮು. ಇವನಿಗೆ ಹೊಲಿಗೆ ಹಾಕಿಸ್ಬೇಕು, ಇವನ ಬಾಗಿಲಲ್ಲೇ ಬರ್ತೀನಿ."